ಮಾವನಿಗೆ ಲೇತ್, ನನಗೆ ಕೋಟೆ, ಅತ್ತೆಗೆ ಮಂಡಿನೋವು: ಜರ್ಮನಿಯ ಸಣ್ಣ ಊರುಗಳಿಗೆ ನಾಲ್ಕು ದಿನ, ಎಲ್ಲಿಗೆ ಹೋಗಲಿ?

ಚನ್ನಪಟ್ಟಣದ ಸೊಸೆ
ಎಲ್ಲರಿಗೂ ನಮಸ್ಕಾರ. ಯಜಮಾನರ ಕೆಲಸದ ಮೇಲೆ ನಾವು ಲೈಪ್‌ಜಿಗ್‌ನಲ್ಲಿ ಇದ್ದೇವೆ, ಬಂದು ವರ್ಷದ ಮೇಲಾಯಿತು. ಸೆಪ್ಟೆಂಬರ್‌ನಲ್ಲಿ ಅತ್ತೆ ಮಾವ ಬರುತ್ತಿದ್ದಾರೆ. ವೀಸಾ ಆಯಿತು, ಟಿಕೆಟ್ ಆಯಿತು. ಇವರಿಗೆ ರಜೆ ಸಿಗುವುದು ನಾಲ್ಕು ದಿನ, ಅಕ್ಟೋಬರ್ ಮೊದಲ ವಾರದಲ್ಲಿ. ದೊಡ್ಡ ಊರು ಬೇಡ ಅಂತ ಮಾವನೇ ಹೇಳಿಬಿಟ್ಟಿದ್ದಾರೆ. ಅವರು ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ ಮಾಡಿದವರು. ಈಗ ಕೈ ನಡುಗುತ್ತೆ ಅಂತ ಲೇತ್ ಬಿಟ್ಟಿದ್ದಾರೆ, ಆದರೆ ಯಾರ ಮನೆಗೆ ಹೋದರೂ ಕುರ್ಚಿ ಕಾಲು ತಿರುಗಿಸಿ ನೋಡುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. "ಅಲ್ಲಿ ಕೈಯಲ್ಲಿ ಕೆಲಸ ಮಾಡೋರು ಇನ್ನೂ ಇದ್ದರೆ ತೋರಿಸಮ್ಮ" ಅಂದರು. ನನಗೆ ಕೋಟೆ ನೋಡುವ ಆಸೆ. ಅತ್ತೆಗೆ ಮಂಡಿನೋವು, ಜಾಸ್ತಿ ಹತ್ತಲು ಆಗಲ್ಲ, ಮತ್ತೆ ಮೊಟ್ಟೆಯನ್ನೂ ತಿನ್ನಲ್ಲ.

ಸದ್ಯಕ್ಕೆ ಹೀಗೆ ಹಾಕಿಕೊಂಡಿದ್ದೇನೆ: ಮೊದಲ ದಿನ ರೋಟೆನ್‌ಬುರ್ಗ್, ಮಾರನೇ ದಿನ ನೊಯ್‌ಶ್ವಾನ್‌ಸ್ಟೈನ್, ಮೂರನೇ ದಿನ ಟ್ರಿಬೆರ್ಗ್‌ನಲ್ಲಿ ಕುಕ್ಕೂ ಗಡಿಯಾರ, ವಾಪಸ್ ಬರುತ್ತಾ ಹೈಡೆಲ್‌ಬೆರ್ಗ್. ಕಾರು ಬಾಡಿಗೆಗೆ ತಗೊಂಡರೆ ಆಗುತ್ತೆ ಅಂತ ಇವರು ಹೇಳುತ್ತಾರೆ. ಆಗುತ್ತಾ?

ರೈಲ್ವೆ ಭಟ್ರು
ಆಗುತ್ತೆ, ಊರು ನೋಡಲು ಆಗಲ್ಲ ಅಷ್ಟೇ. ಲೈಪ್‌ಜಿಗ್ ಇರುವುದು ಪೂರ್ವದಲ್ಲಿ, ನೀವು ಬರೆದ ಊರೆಲ್ಲ ದಕ್ಷಿಣಕ್ಕೆ, ನೈರುತ್ಯಕ್ಕೆ. ಮ್ಯಾಪ್ ತೆಗೆದು ನಾಲ್ಕೂ ಊರಿಗೆ ಗೆರೆ ಎಳೆದು ನೋಡಿ. ದಿನಾ ಪೆಟ್ಟಿಗೆ ಕಟ್ಟು, ದಿನಾ ಬಿಚ್ಚು. ಮಂಡಿನೋವು ಇರುವವರನ್ನು ಹೀಗೆ ಓಡಾಡಿಸಬೇಡಿ.

ಇನ್ನೊಂದು ವಿಷಯ. ಕಾರು ಯಾರು ಓಡಿಸುತ್ತಾರೆ? ಇಲ್ಲಿ ಮನೆ ಮಾಡಿಕೊಂಡು ಆರು ತಿಂಗಳು ಕಳೆದ ಮೇಲೆ ಭಾರತದ ಲೈಸೆನ್ಸ್ ನಡೆಯಲ್ಲ, ಜರ್ಮನ್ ಲೈಸೆನ್ಸ್ ಬೇಕು. ನೀವು ಬಂದು ವರ್ಷ ದಾಟಿತು ಅಂದಿರಿ. ಯಜಮಾನರು ಇಲ್ಲಿನ ಲೈಸೆನ್ಸ್ ಮಾಡಿಸಿದ್ದಾರಾ? ಇಲ್ಲವಾದರೆ ಕಾರಿನ ಮಾತು ಬಿಡಿ, ಏನಾದರೂ ಆದರೆ ಇನ್ಶೂರೆನ್ಸ್‌ನವರೂ ಕೈ ಎತ್ತುತ್ತಾರೆ.

ಚನ್ನಪಟ್ಟಣದ ಸೊಸೆ
ಇವರನ್ನು ಕೇಳಿದೆ. ಮುಖ ನೋಡಬೇಕಿತ್ತು. ಕಾರು ಇಲ್ಲ.

ಎಲ್ಬೆ ದಂಡೆ
ಅಕ್ಕ, ನಾನು ಡ್ರೆಸ್ಡನ್‌ನಲ್ಲಿ ಇರುವುದು, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಮಾವನಂಥವರನ್ನು ಕರೆದುಕೊಂಡು ಬಂದು, ಮನೆ ಹತ್ತಿರದ ಸೈಫೆನ್ ಬಿಟ್ಟು ಟ್ರಿಬೆರ್ಗ್‌ಗೆ ಹೋಗುವುದೇ? ಸೈಫೆನ್ ಹೆಸರು ಕೇಳಿದ್ದೀರಾ?

ಸ್ಯಾಕ್ಸನಿ ರಾಜ್ಯದ ದಕ್ಷಿಣಕ್ಕೆ, ಜೆಕ್ ಗಡಿಗೆ ಅಂಟಿಕೊಂಡ ಹಾಗೆ ಎರ್ಟ್ಸ್‌ಗೆಬಿರ್ಗೆ ಅನ್ನುವ ಬೆಟ್ಟಸಾಲು ಇದೆ, ಅಲ್ಲಿನ ಸಣ್ಣ ಊರು. ಮೊದಲು ತವರದ ಗಣಿ ಇತ್ತು. ಗಣಿಯಲ್ಲಿ ಅದಿರು ಕಮ್ಮಿ ಆಗುತ್ತಾ ಬಂದ ಹಾಗೆ ಜನ ಹೊಟ್ಟೆಪಾಡಿಗೆ ಮರ ಕಡೆಯಲು ಹಿಡಿದರು. ಈಗ ಊರಿಗೆ ಊರೇ ಮರದ ಗೊಂಬೆಯ ಊರು. ನಿಮ್ಮ ಲೈಪ್‌ಜಿಗ್ ಕ್ರಿಸ್ಮಸ್ ಸಂತೆಯಲ್ಲಿ ಅಕ್ರೋಟು ಒಡೆಯುವ ಸಿಪಾಯಿ ಗೊಂಬೆ, ಬಾಯಿಂದ ಧೂಪದ ಹೊಗೆ ಬಿಡುವ ಮುದುಕ, ಕಿಟಕಿಯಲ್ಲಿಡುವ ಕಮಾನಿನ ದೀಪ ನೋಡಿರುತ್ತೀರಲ್ಲ, ಅದೆಲ್ಲ ಈ ಕಡೆಯದು. ಇಲ್ಲಿನ ಮನೆಗಳಲ್ಲಿ ಕ್ರಿಸ್ಮಸ್ ಹೊತ್ತಿಗೆ ಹೆಣ್ಣುಮಗುವಿಗೆ ಒಂದು ದೇವತೆ ಗೊಂಬೆ, ಗಂಡುಮಗುವಿಗೆ ಒಂದು ಗಣಿಗಾರನ ಗೊಂಬೆ ಅಂತ ಮೇಣದ ಬತ್ತಿ ಹಚ್ಚಿ ಕಿಟಕಿಯಲ್ಲಿಡುವ ಪದ್ಧತಿ. ಬೀದಿಯಲ್ಲಿ ನಿಂತು ಎಣಿಸಿದರೆ ಮನೆಯಲ್ಲಿ ಎಷ್ಟು ಮಕ್ಕಳು ಅಂತ ಗೊತ್ತಾಗುತ್ತೆ. ಈ ಗಣಿ ಸೀಮೆಯನ್ನು 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದರು.

ಮಾವನಿಗೆ ತೋರಿಸಲೇಬೇಕಾದದ್ದು ಒಂದಿದೆ. ಜರ್ಮನ್‌ನಲ್ಲಿ ರೈಫೆನ್‌ಡ್ರೇಯನ್ ಅನ್ನುತ್ತಾರೆ, ಅಂದರೆ ಬಳೆ ಕಡೆಯುವುದು. ಸ್ಪ್ರೂಸ್ ಮರದ ದಿಮ್ಮಿಯನ್ನು ದಪ್ಪ ಬಿಲ್ಲೆಯಾಗಿ ಕೊಯ್ದು, ಒದ್ದೆ ಇರುವಾಗಲೇ ಲೇತ್‌ಗೆ ಹಾಕುತ್ತಾರೆ. ಉಳಿ ಹಿಡಿದು ಒಂದು ಮುಖದಲ್ಲಿ ತೋಡು, ಗುಂಡಿ, ಉಬ್ಬು ತೆಗೆಯುತ್ತಾರೆ, ಆಮೇಲೆ ತಿರುಗಿಸಿ ಹಾಕಿ ಇನ್ನೊಂದು ಮುಖ. ಒದ್ದೆ ಸಿಪ್ಪೆ ಉದ್ದುದ್ದ ಎಳೆಯಾಗಿ ಅವರ ಭುಜದ ಮೇಲೆ ಬಂದು ಬೀಳುತ್ತಿರುತ್ತೆ. ಕೊನೆಗೆ ಕೈಗೆ ಬರುವುದು ಒಂದು ಮರದ ಬಳೆ. ನೋಡಿದರೆ ಏನೂ ಅರ್ಥ ಆಗಲ್ಲ, ಏನೋ ಹಳೇ ಯಂತ್ರದ ಭಾಗ ಅನ್ನಿಸುತ್ತೆ. ಅದರ ಮೇಲೆ ಚಾಕು ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು. ಹೋಳು ಬಿದ್ದ ಕಡೆ ಅಡ್ಡಕೊಯ್ತದಲ್ಲಿ ನೋಡಿದರೆ ಕುದುರೆ! ಬೆನ್ನು, ಹೊಟ್ಟೆ, ಕಾಲು, ಕತ್ತು ಎಲ್ಲ ಇದೆ. ಬಳೆಯನ್ನು ಪೂರ್ತಿ ಸೀಳಿದರೆ ಡಜನ್‌ಗಟ್ಟಲೆ ಕುದುರೆ. ಆಮೇಲೆ ಚಾಕುವಿನಲ್ಲಿ ಒಂದೊಂದನ್ನೂ ತೀಡಿ, ಕಿವಿ ಬಾಲ ಅಂಟಿಸಿ, ಬಣ್ಣ ಹಚ್ಚುತ್ತಾರೆ. ಕಡೆಯುವಾಗ ಕುದುರೆ ಅವನ ಕಣ್ಣಿಗೆ ಕಾಣುವುದೇ ಇಲ್ಲ ಅನ್ನುವುದು ಇದರ ಮಜಾ. ಉಳಿ ಎಲ್ಲಿ ಎಷ್ಟು ಇಳಿಯಬೇಕು ಅನ್ನುವುದು ಕೈಗೆ ಗೊತ್ತಿರಬೇಕು. ಈ ವಿದ್ಯೆ ಸುಮಾರು 1800ರ ಹೊತ್ತಿಗೆ ಇದೇ ಸೈಫೆನ್ ಸುತ್ತ ಬೆಳೆದದ್ದು.

ಊರಲ್ಲಿ ಬಯಲು ಮ್ಯೂಸಿಯಂ ಇದೆ, ಹಳೇ ಮನೆಗಳು, ನೀರಿನ ಚಕ್ರದಿಂದ ತಿರುಗುವ ಕಡೆಯುವ ಸಾಲೆ ಎಲ್ಲ ಇವೆ. ಹೋಗುವ ದಿನ ಕಡೆಯುವವರು ಇರುತ್ತಾರಾ ಅಂತ ಮೊದಲೇ ಮೇಲ್ ಮಾಡಿ ಕೇಳಿ.

ಚನ್ನಪಟ್ಟಣದ ಸೊಸೆ
ಇದನ್ನು ಫೋನಲ್ಲಿ ಮಾವನಿಗೆ ಓದಿ ಹೇಳಿದೆ. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ಒದ್ದೆ ಮರಾನ? ಒಣಗಿದ ಮೇಲೆ ಸೀಳಲ್ವಾ? ಸೊಟ್ಟ ಆಗಲ್ವಾ?" ಅಂತ ಶುರು. ಅವರ ಕಡೆ ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿಯೇ ಲೇತ್‌ಗೆ ಹಾಕುವುದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು. ಬ್ರಷ್ಷಿನಲ್ಲಿ ಬಣ್ಣ ಹಚ್ಚುವುದು ಅಂದರೆ ಅವರ ಲೆಕ್ಕದಲ್ಲಿ ಅರ್ಧ ಕೆಲಸ.

ಸೈಫೆನ್ ಪಕ್ಕಾ ಆದ ಹಾಗೆ. ಉಳಿದ ದಿನಕ್ಕೆ?

ಎಲ್ಬೆ ದಂಡೆ
ಒಳ್ಳೇ ಪ್ರಶ್ನೆ ಕೇಳಿದ್ದಾರೆ. ಹೋಳು ಸಣ್ಣದಲ್ವಾ, ಸೀಳಿದ ಮೇಲೆ ಬೇಗ ಒಣಗುತ್ತೆ, ದೊಡ್ಡ ದಿಮ್ಮಿ ಬಿರುಕು ಬಿಡುವಷ್ಟು ಕಾಟ ಇರಲ್ಲ. ಒಣ ಸ್ಪ್ರೂಸ್ ಆದರೆ ಅಷ್ಟು ಸಣ್ಣ ಗೆರೆ ತೆಗೆಯುವಾಗ ಚಕ್ಕೆ ಏಳುತ್ತೆ. ಉಳಿದದ್ದನ್ನು ಅವರೇ ಅಲ್ಲಿ ಕೇಳಲಿ. ಭಾಷೆ ಬರಲ್ಲ ಅಂತ ಯೋಚನೆ ಬೇಡ, ಒಂದು ಬುಗುರಿ ಜೇಬಲ್ಲಿ ಹಾಕಿಕೊಂಡು ಹೋಗಲು ಹೇಳಿ.

ದುರ್ಗದ ಹುಡುಗ
ಕೋಟೆ ಅಂದಿರಲ್ಲ, ಅದಕ್ಕೇ ಬಂದೆ. ಮೊದಲು ನೊಯ್‌ಶ್ವಾನ್‌ಸ್ಟೈನ್ ವಿಷಯ. ಅದನ್ನು ಕಟ್ಟಲು ಶುರು ಮಾಡಿದ್ದು 1869ರಲ್ಲಿ. ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ, ಎರಡನೇ ಲುಡ್ವಿಗ್ ರಾಜ ತನ್ನ ಕನಸಿಗೆ ಕಟ್ಟಿಸಿಕೊಂಡ ಅರಮನೆ. 1886ರಲ್ಲಿ ಅವನು ಸತ್ತಾಗ ಇನ್ನೂ ಪೂರ್ತಿ ಆಗಿರಲಿಲ್ಲ. ಹೊರಗಿಂದ ಚೆಂದ, ಇಲ್ಲ ಅನ್ನಲ್ಲ, 2025ರಲ್ಲಿ ಯುನೆಸ್ಕೋ ಪಟ್ಟಿಗೂ ಬಂತು. ಆದರೆ ಟಿಕೆಟ್‌ನಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಲ್ಲಬೇಕು, ಬೆಟ್ಟ ಹತ್ತಬೇಕು, ಒಳಗೆ ಗುಂಪಿನ ಜೊತೆ ಅರ್ಧ ಗಂಟೆಯ ಸುತ್ತು, ಹೊರಗೆ. ಲೈಪ್‌ಜಿಗ್‌ನಿಂದ ಅಷ್ಟು ದೂರ ಹೋಗಿ ಇಷ್ಟಕ್ಕಾ?

ನಿಜವಾದ ಕೋಟೆ ಬೇಕಾದರೆ ಕ್ಯೋನಿಗ್‌ಸ್ಟೈನ್‌ಗೆ ಹೋಗಿ. ಡ್ರೆಸ್ಡನ್‌ನಿಂದ ಎಲ್ಬೆ ನದಿ ಗುಂಟ ಮೇಲಕ್ಕೆ ಹೋದರೆ ಮರಳುಗಲ್ಲಿನ ಚಪ್ಪಟೆ ಬೆಟ್ಟ, ಅದರ ತಲೆ ಮೇಲೆ ಇಡೀ ಕೋಟೆ, ಸುಮಾರು 9.5 ಹೆಕ್ಟೇರ್. ನಾನು ಚಿತ್ರದುರ್ಗದವನು, ಕಲ್ಲಿನ ಕೋಟೆ ಅಂದರೆ ಸುಲಭಕ್ಕೆ ಒಪ್ಪುವವನಲ್ಲ. ಇದನ್ನು ಒಪ್ಪಿದೆ. ಯಾರೂ ಇದನ್ನು ಯುದ್ಧದಲ್ಲಿ ಗೆದ್ದಿಲ್ಲ. ಒಳಗಿನ ಬಾವಿ 152 ಮೀಟರ್ ಆಳ. 1563ರಲ್ಲಿ ಗಣಿ ಕೆಲಸದವರನ್ನು ಕರೆಸಿ ಬಂಡೆ ಕೊರೆಯಲು ಹಚ್ಚಿದರು, ನೀರು ಸಿಗುವ ಹೊತ್ತಿಗೆ ವರ್ಷಗಳೇ ಹಿಡಿದವು. ಈಗ ಅಲ್ಲಿನವರು ಬಾವಿಗೆ ನೀರು ಸುರಿದು ತೋರಿಸುತ್ತಾರೆ, ಕೆಳಗೆ ಬಿದ್ದ ಸದ್ದು ಮೇಲೆ ಬರುವವರೆಗೆ ಎಲ್ಲರೂ ಉಸಿರು ಹಿಡಿದು ನಿಂತಿರುತ್ತಾರೆ. ಅತ್ತೆಯವರಿಗೆ ಚಿಂತೆ ಇಲ್ಲ, ಬುಡದಿಂದ ಮೇಲಕ್ಕೆ ಲಿಫ್ಟ್ ಇದೆ. ರೈಲು ನಿಲ್ದಾಣ ಕೆಳಗೆ ಊರಲ್ಲಿದೆ, ಅಲ್ಲಿಂದ ಕೋಟೆ ಹತ್ತಿರಕ್ಕೆ ಬಸ್ ಸಿಗುತ್ತೆ.

ವಾರ್ಟ್‌ಬುರ್ಗ್ ಕೂಡ ಹೇಳಬೇಕು. ಮಾರ್ಟಿನ್ ಲೂಥರ್ ತಲೆಮರೆಸಿಕೊಂಡು ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದ ಕೋಟೆ, 1521–22ರ ಮಾತು. ಕೆಳಗೆ ಐಸೆನಾಖ್ ಊರು, ಬಾಖ್ ಹುಟ್ಟಿದ ಊರು. ಲೈಪ್‌ಜಿಗ್‌ನಿಂದ ನೇರ ರೈಲು, ಇನ್ನೊಂದು ಶನಿವಾರ ಹೋಗಿ ಬರಬಹುದು. ಈ ನಾಲ್ಕು ದಿನದೊಳಗೆ ತುರುಕಬೇಡಿ.

ಫ್ರಾಂಕನ್ ಮನೆ
ಎಲ್ಲರೂ ಸೇರಿ ರೋಟೆನ್‌ಬುರ್ಗ್ ಹೆಸರನ್ನೇ ಹೊಡೆದು ಹಾಕಿದಿರಲ್ಲ, ನಾನು ನ್ಯೂರೆಂಬರ್ಗ್ ಕಡೆಯವಳು, ಸ್ವಲ್ಪ ಮಾತಾಡುತ್ತೇನೆ. ಹೌದು, ಮಧ್ಯಾಹ್ನ ಕಾಲಿಡಲು ಜಾಗ ಇರಲ್ಲ. ಹೌದು, ಅಂಗಡಿಯಲ್ಲಿಟ್ಟ ಸ್ನೋಬಾಲ್ ಅನ್ನುವ ಕರಿದ ತಿಂಡಿ ನೋಡಲು ಚೆಂದ, ತಿನ್ನಲು ಒಣಹುಲ್ಲು. ಆದರೆ ಮರದ ಕೆಲಸ ಬಲ್ಲವರನ್ನು ಕರೆದುಕೊಂಡು ಹೋಗುವುದಾದರೆ ಸಂತ ಯಾಕೋಬನ ಚರ್ಚಿನಲ್ಲಿ ಟಿಲ್ಮನ್ ರೀಮೆನ್‌ಶ್ನೈಡರ್ ಕೆತ್ತಿದ ಬಲಿಪೀಠ ಇದೆ. 1500ರ ಆಸುಪಾಸಿನದು, ಲಿಂಡೆನ್ ಮರ. ಬಣ್ಣ ಹಚ್ಚಿಲ್ಲ. ಆ ಕಾಲದಲ್ಲಿ ಬಣ್ಣ ಬಳಿದು ಚಿನ್ನ ಮೆತ್ತುವುದೇ ರೂಢಿ, ಈತ ಮರವನ್ನು ಮರವಾಗಿ ಬಿಟ್ಟ. ಯೇಸುವಿನ ಕೊನೆಯ ಊಟದ ದೃಶ್ಯ, ಹಿಂದಿನ ಕಿಟಕಿಯಿಂದ ಬೆಳಕು ಬಿದ್ದಾಗ ಬೆರಳಿನ ಗೆಣ್ಣು, ಬಟ್ಟೆಯ ನೆರಿಗೆ ಎದ್ದು ಕಾಣುತ್ತೆ. ಅಲ್ಲಿ ಎಷ್ಟು ಹೊತ್ತು ನಿಂತರೂ ಸಾಲದು.

ಹೋಗುವುದಾದರೆ ರಾತ್ರಿ ಉಳಿಯಿರಿ. ಸಂಜೆ ಟೂರಿಸ್ಟ್ ಬಸ್ ಹೊರಟ ಮೇಲೆ ಊರು ಊರಾಗುತ್ತೆ, ಕೋಟೆ ಗೋಡೆಯ ಮೇಲೆ ನಡೆಯಬಹುದು. ಸುಮ್ನೆ ಎರಡು ಗಂಟೆಗೆ ಹೋಗಿ ಬರುವುದಾದರೆ ಬೇಡ.

ದುರ್ಗದ ಹುಡುಗ
ಅಕ್ಕ, ಬಲಿಪೀಠದ ಮಾತು ಒಪ್ಪಿದೆ. ಆದರೆ ಒಂದು ಬಲಿಪೀಠಕ್ಕೆ ಒಂದೂವರೆ ದಿನ ಪ್ರಯಾಣ ಆಯಿತಲ್ಲ.

ಫ್ರಾಂಕನ್ ಮನೆ
ಅದಕ್ಕೇ ಮುಂದಿನ ಸಲ ಅಂದೆ. ಅಂದಿಲ್ವಾ? ಈಗ ಅನ್ನುತ್ತಿದ್ದೇನೆ.

ಕುಡ್ಲದ ಹೆಂಚು
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಕನ್ನಡದವರು ಜರ್ಮನಿಯ ಸಣ್ಣ ಊರು ನೋಡುವುದಾದರೆ ಟ್ಯೂಬಿಂಗನ್ ಯಾಕೆ ಯಾರೂ ಹೇಳಲ್ಲ? ನೆಕ್ಕರ್ ನದಿ, ಮರದ ಚೌಕಟ್ಟಿನ ಮನೆಗಳು, ಮೇಲೆ ಕೋಟೆ, ಎಲ್ಲ ಇದೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೆಗಾಲ ಕಳೆದದ್ದು, 1903ರಲ್ಲಿ ತೀರಿಕೊಂಡದ್ದು ಅಲ್ಲೇ. ಅಲ್ಲಿಂದ ಎಸ್ಲಿಂಗನ್ ಜಾಸ್ತಿ ದೂರ ಇಲ್ಲ, 1843ರಲ್ಲಿ ಮಂಗಳೂರ ಸಮಾಚಾರ ತೆಗೆದ ಮೋಗ್ಲಿಂಗ್ ತೀರಿಕೊಂಡ ಊರು ಅದು. ಜರ್ಮನಿಯ ಬಹು ಹಳೆಯ ಮರದ ಚೌಕಟ್ಟಿನ ಮನೆಗಳ ಸಾಲು ಒಂದು ಅಲ್ಲಿದೆ, 1331ರದು.

ರೈಲ್ವೆ ಭಟ್ರು
ಹೆಂಚಿನವರೇ, ಒಳ್ಳೇ ಮಾತು, ಆದರೆ ಅದು ಸ್ಟುಟ್‌ಗಾರ್ಟ್ ಕಡೆ. ಬೇರೆ ಥ್ರೆಡ್ ತೆಗೆಯಿರಿ, ನಾನೂ ಬರುತ್ತೇನೆ. ಇಲ್ಲಿ ಸೇರಿಸಿದರೆ ಮತ್ತೆ ಮೊದಲಿನ ಕಥೆಯೇ.

ಕುಡ್ಲದ ಹೆಂಚು
ಆಯ್ತು ಮಾರಾಯ್ರೇ. ಹೇಳದೆ ಹೋದರೆ ನಿದ್ದೆ ಬರುತ್ತಿರಲಿಲ್ಲ.

ಗಾಜಿನ ಬಳೆ
ಕೋಬುರ್ಗ್ ಕಡೆ ಯಾರೂ ಹೋಗಿಲ್ವಾ? ಲೈಪ್‌ಜಿಗ್‌ನಿಂದ ಎರ್ಫುರ್ಟ್, ಅಲ್ಲಿಂದ ವೇಗದ ರೈಲಿನಲ್ಲಿ ಕೋಬುರ್ಗ್. ಊರ ಮೇಲೆ ದೊಡ್ಡ ಕೋಟೆ, ಲೂಥರ್ 1530ರಲ್ಲಿ ತಿಂಗಳುಗಟ್ಟಲೆ ಅಲ್ಲಿದ್ದ. ಅಲ್ಲಿಂದ ಸಣ್ಣ ರೈಲಿನಲ್ಲಿ ಜೊನ್ನೆಬೆರ್ಗ್, 1901ರಲ್ಲಿ ಶುರುವಾದ ಗೊಂಬೆ ಮ್ಯೂಸಿಯಂ. ಅದೇ ದಾರಿಯಲ್ಲಿ ಬೆಟ್ಟ ಹತ್ತಿದರೆ ಲೌಶಾ, ಗಾಜಿನ ಊರು. 1597ರಿಂದ ಗಾಜಿನ ಕುಲುಮೆ. ಕ್ರಿಸ್ಮಸ್ ಮರಕ್ಕೆ ನೇತುಹಾಕುವ ಗಾಜಿನ ಗುಂಡು ಲೋಕಕ್ಕೆಲ್ಲ ಹೋದದ್ದು ಇಲ್ಲಿಂದ. ಗಾಜಿನ ಕೊಳವೆಯನ್ನು ಉರಿಯಲ್ಲಿ ಹಿಡಿದು, ಮೆತ್ತಗಾದ ಮೇಲೆ ಊದುತ್ತಾರೆ, ಒಳಗೆ ಬೆಳ್ಳಿಯ ದ್ರಾವಣ ಹಾಕಿ ಕುಲುಕಿದರೆ ಕಣ್ಣೆದುರೇ ಕನ್ನಡಿ ಆಗುತ್ತೆ, ಆಮೇಲೆ ಹೊರಗೆ ಬಣ್ಣ. ಇನ್ನೊಂದು ಸಂಗತಿ, ಕಣ್ಣು ಕಳೆದುಕೊಂಡವರಿಗೆ ಹಾಕುವ ಗಾಜಿನ ಕಣ್ಣನ್ನು ಇಲ್ಲಿ 1835ರಲ್ಲಿ ಲುಡ್ವಿಗ್ ಮ್ಯೂಲರ್-ಉರಿ ಅನ್ನುವವರು ಮಾಡಿದರು. ಗೊಂಬೆಗೆ ಕಣ್ಣು ಮಾಡುತ್ತಿದ್ದವರ ಕೈಯಿಂದ ಬಂದ ಕೆಲಸ.

ಎಲ್ಬೆ ದಂಡೆ
ಇದು ಗಟ್ಟಿ ಸಲಹೆ. ಸೈಫೆನ್ ಇಲ್ಲದಿದ್ದರೆ ನಾನೂ ಇದಕ್ಕೇ ಓಟು ಹಾಕುತ್ತಿದ್ದೆ. ಆದರೆ ಮಾವ ಮರದವರು. ಗಾಜಿಗೆ ಇನ್ನೊಮ್ಮೆ.

ಈಗ ಮೈಸೆನ್ ಬಗ್ಗೆ ಹೇಳಿ ನನ್ನ ಪಟ್ಟಿ ಮುಗಿಸುತ್ತೇನೆ. ಡ್ರೆಸ್ಡನ್ ಪಕ್ಕದ ಊರು, ಪಿಂಗಾಣಿ ಊರು. ಚೀನಾ, ಜಪಾನ್ ಕಡೆಯವರಿಗೆ ಮಾತ್ರ ಗೊತ್ತಿದ್ದ ಗಟ್ಟಿ ಬಿಳಿ ಪಿಂಗಾಣಿಯನ್ನು ಯುರೋಪಿನಲ್ಲಿ ಮೊದಲು ಮಾಡಿದ್ದು ಇಲ್ಲಿನವರು. ಬ್ಯೋಟ್‌ಗರ್ ಅನ್ನುವ ಹುಡುಗ ಚಿನ್ನ ಮಾಡುತ್ತೇನೆ ಅಂತ ಹೇಳಿಕೊಂಡು ತಿರುಗುತ್ತಿದ್ದ, ರಾಜ ಔಗುಸ್ಟ್ ಅವನನ್ನು ಹಿಡಿದು ಕೂಡಿ ಹಾಕಿದ, ಚಿನ್ನ ಬರಲಿಲ್ಲ, ಪಿಂಗಾಣಿ ಬಂತು. ಚಿರ್ನ್‌ಹೌಸ್ ಅನ್ನುವ ವಿದ್ವಾಂಸರದ್ದೂ ಇದರಲ್ಲಿ ದೊಡ್ಡ ಪಾಲಿದೆ, ಪಾಪ ಅವರ ಹೆಸರು ಯಾರೂ ಹೇಳಲ್ಲ. 1710ರಲ್ಲಿ ಕಾರ್ಖಾನೆ ಶುರುವಾದದ್ದು ಎಲ್ಲಿ ಗೊತ್ತಾ, ಬೆಟ್ಟದ ಮೇಲಿನ ಆಲ್‌ಬ್ರೆಷ್ಟ್‌ಬುರ್ಗ್ ಕೋಟೆಯೊಳಗೆ. ಗುಟ್ಟು ಹೊರಗೆ ಹೋಗಬಾರದಲ್ಲ! 1863ರವರೆಗೆ ಕೋಟೆಯಲ್ಲೇ ಪಿಂಗಾಣಿ ಸುಡುತ್ತಿದ್ದರು. ಹೀಗಾಗಿ ಕಸುಬು, ಕೋಟೆ ಎರಡೂ ಒಂದೇ ಊರಲ್ಲಿ ಮುಗಿಯುತ್ತೆ.

ಈಗಿನ ಕಾರ್ಖಾನೆಯಲ್ಲಿ ನೋಡಲು ಬರುವವರಿಗೆ ಅಂತಲೇ ಪ್ರತ್ಯೇಕ ಕೆಲಸದ ಕೋಣೆಗಳಿವೆ. ಒಬ್ಬರು ಚಕ್ರದ ಮೇಲೆ ಲೋಟ ಎತ್ತುತ್ತಾರೆ, ಪಕ್ಕದಲ್ಲಿ ಸುಟ್ಟು ಮುಗಿದ ಅದೇ ಲೋಟ ಇಟ್ಟಿರುತ್ತಾರೆ, ಆರರಲ್ಲಿ ಒಂದು ಪಾಲಿನಷ್ಟು ಕುಗ್ಗಿರುತ್ತೆ. ನನಗೆ ಇಷ್ಟವಾಗಿದ್ದು ನೀಲಿ ಬಣ್ಣದ ಕೋಣೆ. ಒಮ್ಮೆ ಸುಟ್ಟ ತಟ್ಟೆ ಇನ್ನೂ ನೀರು ಹೀರುವಂತಿರುತ್ತೆ. ಅದರ ಮೇಲೆ ಬ್ರಷ್ ಇಟ್ಟ ಕೂಡಲೇ ಬಣ್ಣ ಒಳಗೆ ಎಳೆದುಕೊಳ್ಳುತ್ತೆ, ಅಳಿಸಲು ಆಗಲ್ಲ. ಬಣ್ಣವೂ ಆಗ ನೀಲಿ ಕಾಣಲ್ಲ, ಮಬ್ಬು ಬೂದಿ. ಮೇಲೆ ಗಾಜಿನ ಲೇಪ ಹಾಕಿ 1,400 ಡಿಗ್ರಿ ಹತ್ತಿರ ಸುಟ್ಟ ಮೇಲೆ ನೀಲಿ ಎದ್ದು ಬರುತ್ತೆ. ನಿಮ್ಮ ಮಾವ ಬ್ರಷ್ಷಿನ ಕೆಲಸ ಅರ್ಧ ಕೆಲಸ ಅಂದರಲ್ಲ, ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ.

ಕೊಳ್ಳುವುದು ಕಷ್ಟ, ಬೆಲೆ ನೋಡಿ ಬರಬಹುದು. ಅಸಲಿ ಮಾಲಿನ ಬುಡದಲ್ಲಿ ನೀಲಿಯ ಎರಡು ಕತ್ತಿ ಒಂದರ ಮೇಲೊಂದು ಅಡ್ಡ ಇರುತ್ತೆ, 1722ರಿಂದ ಬಂದ ಗುರುತು. ಆ ಕತ್ತಿಗಳ ಮೇಲೆ ಗೀರು ಎಳೆದಿದ್ದರೆ ಅದು ಎರಡನೇ ದರ್ಜೆ, ಬೆಲೆ ಇಳಿಯುತ್ತೆ. ಹಳೇ ಸಾಮಾನಿನ ಸಂತೆಯಲ್ಲಿ ಕೊಳ್ಳುವಾಗ ಇಷ್ಟಾದರೂ ಗೊತ್ತಿರಲಿ. ಪೇಟೆ ಚೌಕದ ಚರ್ಚಿನಲ್ಲಿ ಪಿಂಗಾಣಿಯದೇ ಗಂಟೆಗಳಿವೆ, 1929ರವು. ಅದನ್ನು ಕೇಳಲು ದುಡ್ಡು ಬೇಡ.

ಚನ್ನಪಟ್ಟಣದ ಸೊಸೆ
ಸರಿ, ಮೈಸೆನ್, ಕ್ಯೋನಿಗ್‌ಸ್ಟೈನ್, ಸೈಫೆನ್. ಭಟ್ರೇ, ಇದನ್ನು ರೈಲಿನಲ್ಲಿ ಹೊಲಿದು ಕೊಡಿ.

ರೈಲ್ವೆ ಭಟ್ರು
ಕೊಡುತ್ತೇನೆ. ಮೊದಲು ದಿನಾಂಕ ಬದಲಿಸಿ. ಅಕ್ಟೋಬರ್ 3 ಜರ್ಮನಿ ಒಂದಾದ ದಿನ, ದೇಶಕ್ಕೆಲ್ಲ ರಜೆ. ಅಂಗಡಿ ಮುಚ್ಚಿರುತ್ತೆ, ಬಸ್ಸು ಭಾನುವಾರದ ಲೆಕ್ಕದಲ್ಲಿ ಓಡುತ್ತೆ, ಹಳ್ಳಿ ಕಡೆ ಅಂದರೆ ಓಡುವುದೇ ಕಮ್ಮಿ. ಜರ್ಮನ್ನರೂ ಅವತ್ತೇ ಬೆಟ್ಟಕ್ಕೆ ಹೋಗುತ್ತಾರೆ. ಸೆಪ್ಟೆಂಬರ್ ಕೊನೆ ವಾರಕ್ಕೆ ಎಳೆದುಕೊಳ್ಳಿ. ಸೋಮವಾರ ಬೇಡ, ಬಹಳ ಮ್ಯೂಸಿಯಂಗಳಿಗೆ ವಾರದ ರಜೆ. ಮಂಗಳವಾರ ಹೊರಟು ಶುಕ್ರವಾರ ಮನೆ.

ಮಂಗಳವಾರ: ಲೈಪ್‌ಜಿಗ್‌ನಿಂದ ಡ್ರೆಸ್ಡನ್‌ಗೆ ಹೋಗುವ ರೀಜನಲ್ ರೈಲು ಹತ್ತಿ, ಕೋಸ್ವಿಗ್‌ನಲ್ಲಿ ಇಳಿದು ಎಸ್ 1 ಲೋಕಲ್ ಹಿಡಿದು ಮೈಸೆನ್. ಕೋಟೆಗೆ ಹಳೇ ಪೇಟೆಯ ನಿಲ್ದಾಣ, ಕಾರ್ಖಾನೆಗೆ ಅದರ ಮುಂದಿನ ಟ್ರೀಬಿಷ್‌ಟಾಲ್. ಸಂಜೆ ಅದೇ ಎಸ್ 1 ಹಿಡಿದರೆ ಡ್ರೆಸ್ಡನ್. ಎರಡು ರಾತ್ರಿ ಅಲ್ಲೇ, ನಿಲ್ದಾಣದ ಹತ್ತಿರ ರೂಮು ಮಾಡಿ.

ಬುಧವಾರ: ಮತ್ತೆ ಅದೇ ಎಸ್ 1, ಆದರೆ ಆ ಕಡೆಗೆ. ನದಿ ಗುಂಟ ಹೋಗುತ್ತೆ, ಎಡಗಡೆ ಕಿಟಕಿ ಹಿಡಿಯಿರಿ. ಕ್ಯೋನಿಗ್‌ಸ್ಟೈನ್ ಅದೇ ಸಾಲಿನಲ್ಲಿದೆ. ಒಂದೇ ಲೋಕಲ್‌ನಲ್ಲಿ ಈ ತುದಿಗೆ ಪಿಂಗಾಣಿ, ಆ ತುದಿಗೆ ಕೋಟೆ. ಇದಕ್ಕೇ ನಾನು ಡ್ರೆಸ್ಡನ್ ಅಂದದ್ದು.

ಗುರುವಾರ: ಡ್ರೆಸ್ಡನ್‌ನಿಂದ ಕೆಮ್ನಿಟ್ಸ್, ಅಲ್ಲಿಂದ ಸಣ್ಣ ರೈಲಿನಲ್ಲಿ ಓಲ್ಬರ್ನ್‌ಹೌ, ಅಲ್ಲಿಂದ ಬಸ್ಸಿನಲ್ಲಿ ಸೈಫೆನ್. ಬಸ್ಸಿನ ಹೊತ್ತು ಹಿಂದಿನ ದಿನವೇ ನೋಡಿಕೊಳ್ಳಿ. ಒಂದು ತಪ್ಪಿದರೆ ಮುಂದಿನದಕ್ಕೆ ಕಾಯುವುದು ಜಾಸ್ತಿ. ರಾತ್ರಿ ಸೈಫೆನ್‌ನಲ್ಲೇ ಉಳಿಯಿರಿ. ಹೋಗಿ ಬರುವುದನ್ನು ಒಂದೇ ದಿನದಲ್ಲಿ ಮಾಡಿದರೆ ಮಾವ ಲೇತ್ ಮುಂದೆ ನಿಂತಾಗ ನೀವು ಗಡಿಯಾರ ನೋಡುತ್ತಿರುತ್ತೀರಿ.

ಶುಕ್ರವಾರ: ಬೆಳಿಗ್ಗೆ ಮತ್ತೊಂದು ಸುತ್ತು, ಮಧ್ಯಾಹ್ನ ಕೆಮ್ನಿಟ್ಸ್ ಮೇಲೆ ಲೈಪ್‌ಜಿಗ್.

ಟಿಕೆಟ್: ನಿಮ್ಮಿಬ್ಬರ ಹತ್ತಿರ ತಿಂಗಳ 63 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್ ಇರಬೇಕು. ಅದರಲ್ಲಿ ಈ ರೈಲು ಎಲ್ಲ ಆಗುತ್ತೆ, ಐಸಿ, ಐಸಿಇ ಅನ್ನುವ ದೂರದ ವೇಗದ ರೈಲು ಮಾತ್ರ ಹತ್ತಬೇಡಿ. ಅತ್ತೆ ಮಾವನಿಗೂ ಅದನ್ನೇ ಮಾಡಿಸುವುದಾದರೆ ನೆನಪಿಡಿ, ಅದು ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ನಿಲ್ಲಿಸದಿದ್ದರೆ ಮುಂದಿನ ತಿಂಗಳಿಗೂ ದುಡ್ಡು ಕಡಿಯುತ್ತೆ. ಇಲ್ಲವಾದರೆ ದಿನಕ್ಕೆ ಒಂದು ಸ್ಯಾಕ್ಸನಿ ಟಿಕೆಟ್, ಇಬ್ಬರ ಹೆಸರಿಗೆ. ಅದು ವಾರದ ದಿನಗಳಲ್ಲಿ ಬೆಳಿಗ್ಗೆ 9ರ ಮೇಲೆ ಮಾತ್ರ.

ದುರ್ಗದ ಹುಡುಗ
ಶುಕ್ರವಾರಕ್ಕೆ ಒಂದು ಕೋಟೆ ಸಿಕ್ಕಿತು! ಕೆಮ್ನಿಟ್ಸ್ ಪಕ್ಕ ಔಗುಸ್ಟುಸ್‌ಬುರ್ಗ್. 1568ರಿಂದ 1572ರೊಳಗೆ ಕಟ್ಟಿದ ಬೇಟೆ ಅರಮನೆ, ಗುಡ್ಡದ ತುದಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಬುರುಜು. ಎರ್ಡ್‌ಮನ್ಸ್‌ಡೋರ್ಫ್ ನಿಲ್ದಾಣದಿಂದ ಹಗ್ಗ ಎಳೆಯುವ ರೈಲು ಮೇಲಕ್ಕೆ ಹೋಗುತ್ತೆ, 1911ರದು, ಹತ್ತುವ ಕಷ್ಟ ಇಲ್ಲ. ಒಳಗೆ ಮೋಟಾರ್ ಸೈಕಲ್ ಮ್ಯೂಸಿಯಂ. ಪಕ್ಕದ ಚೋಪೌ ಊರಿನಲ್ಲಿ ಡಿಕೆಡಬ್ಲ್ಯು ಬೈಕ್ ಮಾಡುತ್ತಿದ್ದರಲ್ಲ, ಅದಕ್ಕೆ. ಯಜಮಾನರ ಕಾರು ಹೋಯಿತು ಅಂದಿರಿ, ಬೈಕಾದರೂ ನೋಡಲಿ.

ರೈಲ್ವೆ ಭಟ್ರು
ಓಲ್ಬರ್ನ್‌ಹೌ ರೈಲು, ಎರ್ಡ್‌ಮನ್ಸ್‌ಡೋರ್ಫ್ ರೈಲು ಎರಡೂ ಫ್ಲ್ಯೋಹಾ ಜಂಕ್ಷನ್‌ನಲ್ಲಿ ಸೇರುತ್ತವೆ. ಅಲ್ಲಿ ಬದಲಿಸಿದರೆ ಆಯಿತು. ಬೆಳಿಗ್ಗೆ ಸೈಫೆನ್‌ನಿಂದ ಬೇಗ ಹೊರಟರೆ ಆಗುತ್ತೆ. ಅತ್ತೆಯವರು ಸುಸ್ತಾಗಿದ್ದರೆ ಬಿಟ್ಟುಬಿಡಿ, ನೇರ ಮನೆಗೆ.

ಹುಳಿ ಅನ್ನ
ಊಟದ ಬಗ್ಗೆ ಯಾರೂ ಮಾತಾಡಲಿಲ್ಲ! ಮೊಟ್ಟೆಯೂ ಇಲ್ಲ ಅಂದರೆ ಸಣ್ಣ ಊರಲ್ಲಿ ಸ್ವಲ್ಪ ಕಷ್ಟ, ಉಪವಾಸ ಏನೂ ಆಗಲ್ಲ. ಚೀಸ್ ಹಾಕಿದ ಶ್ಪೆಟ್ಸ್ಲೆ, ಅಂದರೆ ದಪ್ಪ ಶಾವಿಗೆ ಥರದ್ದು, ಸಸ್ಯಾಹಾರ ಅಂತ ಕೊಡುತ್ತಾರೆ, ಅದರ ಹಿಟ್ಟಿನಲ್ಲೇ ಮೊಟ್ಟೆ. ಆಲೂಗಡ್ಡೆ ದೋಸೆ ಥರದ ಕಾರ್ಟೋಫೆಲ್‌ಪುಫರ್‌ನಲ್ಲೂ ಬಹಳ ಕಡೆ ಮೊಟ್ಟೆ ಹಾಕುತ್ತಾರೆ, ಕೇಳಿ ತಗೊಳ್ಳಿ. ತರಕಾರಿ ಸೂಪ್ ಅಂತ ಬರೆದಿದ್ದರೂ ನೀರು ದನದ ಮಾಂಸದ ಸಾರಿನದು ಇರಬಹುದು. ಧೈರ್ಯವಾಗಿ ತಿನ್ನಬಹುದಾದದ್ದು: ಬೇಯಿಸಿದ ಆಲೂಗಡ್ಡೆ ಜೊತೆಗೆ ಕ್ವಾರ್ಕ್, ಅದು ನಮ್ಮ ಗಟ್ಟಿ ಮೊಸರಿನ ಹತ್ತಿರದ್ದು, ಸ್ಯಾಕ್ಸನಿ ಕಡೆ ಅಗಸೆ ಎಣ್ಣೆ ಹಾಕಿ ಕೊಡುತ್ತಾರೆ. ಬೇಕರಿಯ ಬ್ರೆಡ್ಡು, ಬ್ರೆಟ್ಸೆಲ್. ಟರ್ಕಿಯವರ ಅಂಗಡಿಯಲ್ಲಿ ಫಲಾಫೆಲ್. "ಓನೆ ಫ್ಲೈಶ್, ಓನೆ ಐ" ಅಂತ ಕಲಿಸಿಬಿಡಿ, ಮಾಂಸ ಬೇಡ, ಮೊಟ್ಟೆ ಬೇಡ.

ಮೈಸೆನ್‌ನಲ್ಲಿ ಫುಮ್ಮೆಲ್ ಅಂತ ಒಂದು ತಿಂಡಿ ಸಿಗುತ್ತೆ, ಒಳಗೆ ಬರೀ ಗಾಳಿ, ಮುಟ್ಟಿದರೆ ಪುಡಿ. ಕುಡುಕ ಅಂಚೆಯವನು ದಾರಿಯಲ್ಲಿ ಕುಡಿದನೋ ಇಲ್ಲವೋ ಅಂತ ಪರೀಕ್ಷಿಸಲು ಕೈಗೆ ಕೊಡುತ್ತಿದ್ದರು ಅಂತ ಕಥೆ. ಒಡೆಯದೆ ತಂದರೆ ಹುಷಾರಾಗಿದ್ದ ಅಂತ.

ಮುಖ್ಯ ವಿಷಯ: ಸಣ್ಣ ಊರಲ್ಲಿ ಅಡುಗೆಮನೆ ಬೇಗ ಮುಚ್ಚುತ್ತೆ. ಸೈಫೆನ್‌ನಲ್ಲಿ ರೂಮಿನ ಬದಲು ಅಡುಗೆ ಸೌಲಭ್ಯ ಇರುವ ಮನೆ ಹಿಡಿಯಿರಿ. ಅಕ್ಕಿ, ಹುಳಿ ಗೊಜ್ಜು ಚೀಲದಲ್ಲಿ ಇರಲಿ.

ಚನ್ನಪಟ್ಟಣದ ಸೊಸೆ
ಗೊಜ್ಜು ಅತ್ತೆಯೇ ತರುತ್ತಾರೆ, ಅದರಲ್ಲಿ ಅನುಮಾನ ಇಲ್ಲ.

ಒಂದು ಕೊನೆ ಪ್ರಶ್ನೆ. ಸೈಫೆನ್‌ನಲ್ಲಿ ಗೊಂಬೆ ಕೊಂಡರೆ ಅಸಲಿ ಅಂತ ಹೇಗೆ ಗೊತ್ತಾಗುತ್ತೆ? ಇಲ್ಲಿ ಪೇಟೆಯಲ್ಲಿ ಅದೇ ಸಿಪಾಯಿ ಬಹಳ ಅಗ್ಗಕ್ಕೆ ಸಿಗುತ್ತೆ.

ಎಲ್ಬೆ ದಂಡೆ
ಅಗ್ಗಕ್ಕೆ ಸಿಗುವುದು ಹೊರಗಿಂದ ಬಂದ ಮಾಲು ಇರುತ್ತೆ. ಚನ್ನಪಟ್ಟಣದವರಿಗೆ ನಾನು ಇದನ್ನು ಹೇಳಬೇಕಾ! "ಎಶ್ಟ್ ಎರ್ಟ್ಸ್‌ಗೆಬಿರ್ಗೆ" ಅನ್ನುವ ಚೀಟಿ ನೋಡಿ, ಅಂದರೆ ಅಸಲಿ ಈ ಬೆಟ್ಟದ್ದು. ಬುಡದಲ್ಲಿ ಮಾಡಿದವರ ಮನೆಯ ಮುದ್ರೆ ಇರುತ್ತೆ. ಹೊಗೆ ಬಿಡುವ ಮುದುಕ ಹತ್ತಾರು ಯೂರೋ ಆಗುತ್ತೆ, ಬಳೆಯಿಂದ ಸೀಳಿದ ಸಣ್ಣ ಪ್ರಾಣಿ ಕಮ್ಮಿಗೆ ಸಿಗುತ್ತೆ, ಹಗುರ ಬೇರೆ. ಕೆಲವು ಕಡೆ ಸೀಳದ ಬಳೆಯ ತುಂಡೂ ಮಾರುತ್ತಾರೆ. ಮಾವ ಅದನ್ನೇ ಕೇಳುತ್ತಾರೆ ಅನ್ನಿಸುತ್ತೆ.

ರೈಲ್ವೆ ಭಟ್ರು
ಬಿಲ್ಲು 50 ಯೂರೋ ದಾಟಿದರೆ ಟ್ಯಾಕ್ಸ್ ವಾಪಸ್ ಕೇಳಬಹುದು, ಆದರೆ ಅದು ಹೊರಗಿಂದ ಬಂದವರಿಗೆ. ನಿಮಗಿಲ್ಲ, ಅತ್ತೆ ಮಾವನಿಗೆ ಇದೆ. ಅವರ ಹೆಸರಲ್ಲೇ ಫಾರಂ ಬರೆಸಿ, ಅಂಗಡಿಗೆ ಪಾಸ್‌ಪೋರ್ಟ್ ತಗೊಂಡು ಹೋಗಿ. ವಾಪಸ್ ಹೋಗುವ ದಿನ ಪೆಟ್ಟಿಗೆ ಕೌಂಟರಿಗೆ ಹಾಕುವ ಮುಂಚೆ ಕಸ್ಟಮ್ಸ್‌ನವರ ಮುದ್ರೆ ಹಾಕಿಸಬೇಕು, ಮಾಲು ತೋರಿಸು ಅಂತಲೂ ಕೇಳುತ್ತಾರೆ.

ಚನ್ನಪಟ್ಟಣದ ಸೊಸೆ
ಡ್ರೆಸ್ಡನ್ ರೂಮು ಆಯಿತು. ಸೈಫೆನ್ ಮ್ಯೂಸಿಯಂಗೆ ಮೇಲ್ ಮಾಡಿದ್ದೆ, ಗುರುವಾರ ಕಡೆಯುವವರು ಇರುತ್ತಾರೆ ಅಂತ ಉತ್ತರ ಬಂತು. ಔಗುಸ್ಟುಸ್‌ಬುರ್ಗ್ ಇವರಿಗೆ ಬಿಟ್ಟಿದ್ದೇನೆ. ಮಾವ ಈಗ ಒಂದೇ ಸಮನೆ ಕೇಳುತ್ತಿರುವುದು, ಅವರ ಉಳಿ ವಿಮಾನದಲ್ಲಿ ತರಬಹುದಾ ಅಂತ.

ರೈಲ್ವೆ ಭಟ್ರು
ಕೈಚೀಲದಲ್ಲಿ ಬೇಡವೇ ಬೇಡ. ಚೆಕ್-ಇನ್ ಪೆಟ್ಟಿಗೆಯಲ್ಲಿ, ಮೊನೆಗೆ ದಪ್ಪ ಬಟ್ಟೆ ಸುತ್ತಿ. ಇಲ್ಲಿ ರೈಲಿನಲ್ಲೂ ಕೈಯಲ್ಲಿ ಹಿಡಿದುಕೊಂಡು ಓಡಾಡುವುದು ಬೇಡ, ಪೆಟ್ಟಿಗೆಯೊಳಗೇ ಇರಲಿ.